ಬೀಗ ಹಾಕಿದ ಮನೆಯ ಕೆಮ್ಮು

ಬೀಜಾಡಿ,
ಸೋಮವಾರ, ೬ ಅಕ್ಟೋಬರ್ ೨೦೨೫

ಪ್ರೀತಿಯ ಅಮ್ಮಾ,

ನಿನ್ನ ಗಿರಿಜೆಯ ನಮಸ್ಕಾರ. ಎದೆಯ ಆಪರೇಷನ್ನಿನ ಗಾಯ ಪೂರ್ತಿ ಒಣಗಿತು, ಈಗ ಯಾರ ಕೈಯನ್ನೂ ಹಿಡಿಯದೆ ಕೆಳಗಿನ ಹೂವಿನ ಅಂಗಡಿಯವರೆಗೆ ನಡೆದು ಬರುತ್ತಿ ಎಂದು ಸುಧಾಕರಣ್ಣ ಹೇಳಿದ. ಕೇಳಿ ಸಮಾಧಾನವಾಯಿತು. ಡೊಂಬಿವಲಿಯ ನೀರು ನಿನಗೆ ಒಗ್ಗಿತಾ? ರಾತ್ರಿ ಕಾಲು ಸೆಳೆಯುವುದು ಕಡಿಮೆಯಾಯಿತಾ? ಗುಳಿಗೆಗಳನ್ನು ಸೆರಗಿನ ಗಂಟಿನಲ್ಲಿ ಕಟ್ಟಿ ಮರೆತುಬಿಡಬೇಡ, ಅತ್ತಿಗೆಯ ಕೈಯಲ್ಲೇ ಕೊಟ್ಟಿಡು. ಕಿವಿಯ ಮೆಷಿನ್ ಹಾಕಿಕೊಂಡರೆ ಅದರೊಳಗೆ ಕಡಲು ಮೊರೆದ ಹಾಗೆ ಆಗುತ್ತದೆ ಎಂದು ಡಬ್ಬಿಯಲ್ಲಿ ತೆಗೆದಿಟ್ಟಿದ್ದಿಯಂತೆ. ಹಾಗಾಗಿಯೇ ಈ ಕಾಗದ. ಫೋನಿನಲ್ಲಿ ನಾನು ಒಂದು ಹೇಳಿದರೆ ನೀನು ಇನ್ನೊಂದು ಕೇಳಿಸಿಕೊಂಡು ನಗುತ್ತಿ, ನಾನೂ ನಕ್ಕು ಇಟ್ಟುಬಿಡುತ್ತೇನೆ. ಇದನ್ನು ಫೋನಿನಲ್ಲಿ ಕೂಗಿ ಹೇಳಲು ನನ್ನಿಂದ ಆಗುವುದಿಲ್ಲ. ನಾವಿಲ್ಲಿ ಆರೋಗ್ಯ. ನಿನ್ನ ಅಳಿಯ ದಿನಾ ಐಸ್ ಪ್ಲಾಂಟಿಗೆ ಹೋಗಿ ಬರುತ್ತಾರೆ. ನೀನು ನೆಟ್ಟುಹೋದ ಬಸಳೆ ಬಾವಿಕಟ್ಟೆಯವರೆಗೆ ಹಬ್ಬಿದೆ.

ಪ್ರತಿ ಸಲವೂ ನೀನು ಅಕ್ಕು ಚಿಕ್ಕಿಯನ್ನು ಕೇಳುತ್ತಿ. ಅವಳೆಂತ ಫೋನಿಗೆ ಬರುವುದಿಲ್ಲ, ನನ್ನ ಮೇಲೆ ಸಿಟ್ಟಾ ಎನ್ನುತ್ತಿ. ಯಡ್ತರೆಗೆ ಹೋಗಿದ್ದಾಳೆ, ಬಂದ ಮೇಲೆ ಮಾತಾಡಿಸುತ್ತೇನೆ ಎನ್ನುತ್ತಿದ್ದೆ. ನಿನ್ನ ಗಾಯ ಹಸಿ ಇರುವಾಗ ಹೇಳಬೇಡವೆಂದು ಅಣ್ಣ ನನ್ನನ್ನು ಬೇಡಿಕೊಂಡಿದ್ದ. ಈಗ ಡಾಕ್ಟ್ರು ಧೈರ್ಯ ಕೊಟ್ಟಿದ್ದಾರಂತೆ, ಇನ್ನು ನೀನೇ ಹೇಳು ಎಂದ. ಒಂದು ಲೋಟ ನೀರು ಕುಡಿದು, ಕೂತುಕೊಂಡು ಮುಂದಿನದನ್ನು ಓದು.

ಅಕ್ಕು ಚಿಕ್ಕಿ ಇಲ್ಲ ಅಮ್ಮಾ. ಆಗಸ್ಟ್ ನಡುವಿನಲ್ಲಿ, ಸೋಣೆ ತಿಂಗಳು ಹಿಡಿದ ಹೊಸತರಲ್ಲಿ ಹೋದಳು. ಜ್ವರ ಬಂದು ಹೋದಳು ಎಂದರೆ ಸುಳ್ಳಲ್ಲ, ಆಸ್ಪತ್ರೆಯವರು ಬರೆದದ್ದೂ ಹಾಗೆಯೇ. ಆದರೆ ನೀನೂ ಅವಳೂ ಎಷ್ಟೋ ವರ್ಷ ಒಂದೇ ಬೆಂಚಿನಲ್ಲಿ ಕೂತು ಗೇರುಬೀಜ ಒಡೆದವರು, ಒಂದೇ ಬುತ್ತಿಯಲ್ಲಿ ಗಂಜಿ ಉಂಡವರು. ನಿನಗೆ ಅಷ್ಟು ಮಾತ್ರ ಹೇಳಿ ಮುಗಿಸಿದರೆ ಅದು ಅವಳಿಗೆ ಮಾಡುವ ಮೋಸ. ಹೇಗೆ ಹೋದಳು ಎಂಬುದು ನಿನಗೆ ಗೊತ್ತಾಗಬೇಕು. ಕೇರಿಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ನೀನು ಇಲ್ಲಿಂದ ಹೊರಟ ಮೇಲೆ, ಹೋದ ವರ್ಷದ ದೀಪಾವಳಿ ಕಳೆದು, ನಮ್ಮ ಅಂಗನವಾಡಿಯವರಿಗೆಲ್ಲ ಒಂದು ಸರ್ವೆ ಕೆಲಸ ಬಂತು. ಮನೆಮನೆಗೆ ಹೋಗಿ ಕೇಳಿ ಮೊಬೈಲಿನಲ್ಲಿ ತುಂಬುವುದು. ಸಣ್ಣ ಮಕ್ಕಳಿದ್ದಾವಾ, ಬಸುರಿಯರಿದ್ದಾರಾ, ಮಾಡು ಹಂಚಿನದಾ ಸ್ಲ್ಯಾಬಾ, ಬೈಕ್ ಇದೆಯಾ, ಫ್ರಿಜ್ ಇದೆಯಾ ಎಂದೆಲ್ಲ. ಅದು ಮಕ್ಕಳ ಆರೋಗ್ಯದ ಸರ್ವೆ, ರೇಷನ್ ಕಾರ್ಡಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನಮಗೆ ಮೀಟಿಂಗಿನಲ್ಲಿ ಹೇಳಿದ್ದರು. ಕೇರಿಯಲ್ಲಿ ಒಬ್ಬರೂ ಮುಖ ಸಿಂಡರಿಸಲಿಲ್ಲ. ಹೋದ ಮನೆಯಲ್ಲೆಲ್ಲ ಚಾ, ಒಂದು ಕಡೆ ಬಿಸಿ ಕಡುಬು. ಫ್ರಿಜ್ ಇದೆಯಾ ಎಂದು ಕೇಳಿದ್ದಕ್ಕೆ ಅಕ್ಕು ಚಿಕ್ಕಿ ಮೂಲೆಯ ಮಣ್ಣಿನ ಕೊಡ ತೋರಿಸಿ, "ಇದೇ ನಮ್ ಫ್ರಿಜ್, ಬರ್ಕೊ ಹೆಣ್ಣೆ, ಬರ್ಕೊ" ಎಂದು ನಕ್ಕಿದ್ದಳು. ಮೊಮ್ಮಗಳು ಪ್ರೇಕ್ಷಾ ಅವಳ ಮಡಿಲಲ್ಲಿ ಕೂತು ತಾನೂ ನಕ್ಕಿತ್ತು. ಆ ಮನೆಯಲ್ಲಿ ನಾನು ಕೇಳಿದ ಕಡೆಯ ನಗು ಅದು.

ಆಮೇಲೆ ರೇಷನ್ ಸೊಸೈಟಿಯಲ್ಲಿ ಕಾರ್ಡುಗಳು ಒಂದೊಂದಾಗಿ ನಿಂತವು. ಹೋಗಿ ಬೆರಳು ಒತ್ತಿದರೆ ಮೆಷಿನ್ನಿನಲ್ಲಿ ಕಾರ್ಡ್ ರದ್ದು ಎಂದು ಬರುತ್ತಿತ್ತು. ಯಾಕೆ ಎಂದು ಕೇಳಿದರೆ ಸೊಸೈಟಿಯವರಿಗೆ ಗೊತ್ತಿಲ್ಲ. ನಾವು ಕೆಲವರು ಹೆಂಗಸರು ಬಸ್ಸು ಹಿಡಿದು ಕುಂದಾಪುರದ ಆಫೀಸಿಗೆ ಹೋದೆವು. ಅಲ್ಲಿನವರು ಕೆಟ್ಟವರಲ್ಲ ಅಮ್ಮಾ. ಕುರ್ಚಿ ಕೊಟ್ಟರು, ಕಂಪ್ಯೂಟರಿನಲ್ಲಿ ನೋಡಿದರು. ಇದು ಮೇಲಿಂದಲೇ ಆದದ್ದು, ನಮ್ಮ ಕೈಯಲ್ಲಿ ಇಲ್ಲ, ಪೋರ್ಟಲ್ ಓಪನ್ ಆದಾಗ ಪುನಃ ಅರ್ಜಿ ಹಾಕಿ ಎಂದರು. ಅದು ಯಾವಾಗ ಓಪನ್ ಆಗುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ. ಮೇಲೆ ಎಂದರೆ ಎಲ್ಲಿ, ಯಾರು, ಅದನ್ನೂ ಹೇಳಲಾಗಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ, ಕೋಟೇಶ್ವರ ದಾಟುವಾಗ ಹಿಂದಿನ ಸೀಟಿನಿಂದ ಯಾರೋ ಮೆಲ್ಲಗೆ, "ಫ್ರಿಜ್ ಬೈಕ್ ಎಲ್ಲ ಬರ್ಕಂಡ್ ಹೋದದ್ ಯಾರ್ ಹಂಗಾರೆ?" ಎಂದರು. ನಾನು ಹಿಂದೆ ತಿರುಗಲಿಲ್ಲ. ತಿರುಗಿದ್ದರೆ ಆ ಮಾತು ಅಲ್ಲೇ ಮುಗಿಯುತ್ತಿತ್ತೋ ಏನೋ ಎಂದು ಈಗಲೂ ಅನಿಸುತ್ತದೆ.

ನಮ್ಮ ಕಾರ್ಡೂ ರದ್ದಾಗಿತ್ತು ಎಂದರೆ ನೀನು ನಂಬುತ್ತಿ. ಕೇರಿಯವರು ನಂಬಲಿಲ್ಲ. ತನ್ನದನ್ನೂ ತೆಗೆಸಿಕೊಂಡದ್ದು ನಾಟಕಕ್ಕೆ ಎಂದರು. ಅಷ್ಟರಲ್ಲಿ ಗೇರುಬೀಜದ ಫ್ಯಾಕ್ಟರಿಯೂ ಬಾಗಿಲು ಹಾಕಿತು. ಹೊರದೇಶದ ಬೀಜ ಬರುತ್ತಿಲ್ಲ, ಬಂದ ಮೇಲೆ ಕರೆಯುತ್ತೇವೆ ಎಂದು ಹೆಂಗಸರನ್ನು ಮನೆಗೆ ಕಳಿಸಿದವರು ಮತ್ತೆ ಕರೆಯಲಿಲ್ಲ. ಮಳೆಗಾಲಕ್ಕೆ ಬೋಟುಗಳು ದಡ ಸೇರಿದವು. ಅಕ್ಕಿ ಕೊಳ್ಳುವುದೇ ದೊಡ್ಡ ಕೆಲಸವಾಯಿತು. ಹಸಿವನ್ನು ನಮ್ಮ ಕೇರಿ ಹೊಸತಾಗಿ ನೋಡಿದ್ದಲ್ಲ. ನಿನ್ನ ಕಾಲದಲ್ಲಿ ಇದಕ್ಕಿಂತ ಹೆಚ್ಚು ಇತ್ತು ಎಂದು ನೀನೇ ಹೇಳುತ್ತಿದ್ದಿ. ಆದರೆ ಆಗ ಒಬ್ಬರ ಒಲೆ ಹೊತ್ತದಿದ್ದರೆ ಇನ್ನೊಬ್ಬರಿಗೆ ಗೊತ್ತಾಗುತ್ತಿತ್ತು. ಈ ಸಲ ಎಲ್ಲರೂ ಅದನ್ನೇ ಮುಚ್ಚಿಟ್ಟರು. ಕಾರ್ಡ್ ಉಳಿದವರು ಚಾಡಿ ಹೇಳಿ ಉಳಿಸಿಕೊಂಡರು ಎಂದು ಕಾರ್ಡ್ ಹೋದವರು ಹೇಳಿದರು. ಅದನ್ನು ಕೇಳಿ ಕಾರ್ಡ್ ಉಳಿದವರು ಸೊಸೈಟಿಯ ಅಕ್ಕಿಯನ್ನು ಬಟ್ಟೆಯ ಕೆಳಗೆ ಮುಚ್ಚಿ ತರತೊಡಗಿದರು. ಮೀನು ಹುರಿದರೆ ಪರಿಮಳ ಹೊರಗೆ ಹೋಗಬಾರದೆಂದು ಹಿಂದಿನ ಕಿಟಕಿ ಮುಚ್ಚುವುದು. ಏನೂ ಬೇಯಿಸದಿದ್ದರೂ ಮುಚ್ಚುವುದು, ಬೇಯಿಸಿಲ್ಲ ಎಂದು ಗೊತ್ತಾಗಬಾರದಲ್ಲ. ಮಧ್ಯಾಹ್ನದ ಹೊತ್ತು ಕೇರಿಯಲ್ಲಿ ನಡೆದರೆ ಎರಡೂ ಬದಿಯಲ್ಲಿ ಮುಚ್ಚಿದ ಬಾಗಿಲು, ಒಳಗೆ ಜನ. ಊರು ಬಿಟ್ಟು ಹೋದ ಮನೆಗಳ ನಡುವೆ ನಡೆದ ಹಾಗೆ ಆಗುತ್ತಿತ್ತು ನನಗೆ.

ರಸ್ತೆ ಬದಿಯ ದೊಡ್ಡ ಮನೆಯ ಕುಸುಮಾವತಿ ಅಕ್ಕ ಗೊತ್ತಲ್ಲ ನಿನಗೆ, ಮೊದಲೆಲ್ಲ ಕೇರಿಯ ಹೆಂಗಸರು ಭತ್ತದ ನೆಟ್ಟಿಗೆ ಹೋಗುತ್ತಿದ್ದದ್ದು ಅವರ ಗದ್ದೆಗೇ. ದೇವಸ್ಥಾನದ ಹೊರೆಕಾಣಿಕೆಗೆ ಕೊಡುವ ಹಾಗೆ ಒಂದು ಮೂಟೆ ಕುಚ್ಚಲಕ್ಕಿ ತಂದು ಅಂಗನವಾಡಿಯಲ್ಲಿ ಇಟ್ಟರು, ಬೇಕಾದವರು ಒಯ್ಯಲಿ ಎಂದು. ಒಬ್ಬರೂ ಬರಲಿಲ್ಲ. ಇಂದು ಕೊಟ್ಟು, ಯಾರು ಒಯ್ದರು ಎಂದು ನಾಳೆ ಎಲ್ಲಿ ಹೇಳುತ್ತಾರೋ ಎಂದರು. ಹುಳ ಹಿಡಿಯುವ ಮೊದಲು ಅವರೇ ಬಂದು ವಾಪಸು ತೆಗೆದುಕೊಂಡು ಹೋದರು. ಹೋಗುವಾಗ ನನ್ನ ಮುಖವನ್ನೂ ನೋಡಲಿಲ್ಲ.

ಅಂಗನವಾಡಿ ಖಾಲಿಯಾಯಿತು. ಮೊದಲೇ ನಮಗೆ ಹೊಸ ನಿಯಮ, ಮನೆಗೆ ಕೊಡುವ ಆಹಾರಕ್ಕೆ ತಾಯಂದಿರ ಮುಖದ ಫೋಟೋ ಮೊಬೈಲಿನಲ್ಲಿ ಹಿಡಿಯಬೇಕು. ಮುಖ ಕೊಟ್ಟರೆ ಇನ್ನೇನು ಹೋಗುತ್ತದೋ ಎಂದು ತಾಯಂದಿರು ಬರುವುದು ಬಿಟ್ಟರು. ಆಮೇಲೆ ಮಕ್ಕಳನ್ನು ತೂಗುವ ವಿಷಯ ಎದ್ದಿತು. ತೂಕ ಕಡಿಮೆ ಬಂದ ಮಗುವನ್ನು ಗಿರಿಜಾ ಬರೆದು ಕಳಿಸುತ್ತಾಳೆ, ಜೀಪು ಬಂದು ಮಗುವನ್ನು ಒಯ್ಯುತ್ತದೆ, ಹೊಟ್ಟೆಗೆ ಹಾಕದವರು ಎಂದು ಕೇಸು ಮಾಡಿ ಮತ್ತೆ ಕೊಡುವುದಿಲ್ಲ. ಇದನ್ನು ಮೊದಲು ಯಾರು ಹೇಳಿದರೋ ಗೊತ್ತಿಲ್ಲ. ತೂಕ ಕಡಿಮೆಯಾದ ಮಕ್ಕಳನ್ನು ತಾಯಿಯ ಜೊತೆಗೇ ಆಸ್ಪತ್ರೆಯಲ್ಲಿ ಇಟ್ಟು ಉಣಿಸಿ ಕಳಿಸುತ್ತಾರೆ, ಅಷ್ಟೇ ಎಂದು ನಾನು ಬಾಗಿಲು ಬಾಗಿಲಿಗೆ ಹೋಗಿ ಹೇಳಿದೆ. ನಾನು ಹೇಳಿದ್ದಕ್ಕೇ ಅದು ಇನ್ನಷ್ಟು ನಿಜವಾಯಿತು. ಅನ್ನ ಸಾಂಬಾರು ಮಾಡಿ, ಮೊಟ್ಟೆ ಬೇಯಿಸಿ, ಚಾಪೆ ಹಾಸಿ ಕೂರುತ್ತಿದ್ದೆ. ಕೇರಿಯ ಒಳಗೆ ಮಕ್ಕಳು ಹಸಿದು ಅಳುವುದು ಅಲ್ಲಿಗೆ ಕೇಳುತ್ತಿತ್ತು. ಬ್ರಹ್ಮಾವರ ಕಡೆಯಿಂದ ಹೊಸತಾಗಿ ಬಂದ ಸೂಪರ್‌ವೈಸರ್ ಮೇಡಂ ಹಾಜರಿ ನೋಡಿ, ಮಕ್ಕಳಿಲ್ಲದ ಕೇಂದ್ರ ಎಂತಕ್ಕೆ, ಪಕ್ಕದ ಕೇಂದ್ರಕ್ಕೆ ಸೇರಿಸಿಬಿಡುವ ಎಂದರು. ಮಕ್ಕಳಿದ್ದಾರೆ ಮೇಡಂ, ಬರುವುದಿಲ್ಲ ಎಂದೆ. ಅವರಿಗೂ ನನ್ನ ಮಾತಿನ ಮೇಲೆ ನಂಬಿಕೆ ಬಂದಂತೆ ಕಾಣಲಿಲ್ಲ.

ಇಷ್ಟೆಲ್ಲ ಆಗುವಾಗಲೂ ಅಕ್ಕು ಚಿಕ್ಕಿ ಮಾತ್ರ ನನ್ನ ಪರವಾಗಿ ಇರುತ್ತಾಳೆ ಎಂದೇ ನಾನು ತಿಳಿದಿದ್ದೆ. ನನ್ನನ್ನು ಎತ್ತಿ ಆಡಿಸಿದವಳು ಅವಳು. ಅವಳ ಮಗ ಯತೀಶ್ ನಾಸಿಕದ ಹೋಟೆಲಿನಲ್ಲಿ ಒಲೆಯ ಮುಂದೆ ಇದ್ದವನು. ಹೋಟೆಲು ಮುಚ್ಚಿತು, ಆಮೇಲೆ ಅವನ ಫೋನೂ ಬಂದ್ ಆಯಿತು. ಸೊಸೆ ಮೊದಲೇ ತೀರಿಹೋಗಿದ್ದಾಳೆ. ಮನೆಯಲ್ಲಿ ಅಜ್ಜಿ, ಮೊಮ್ಮಗಳು, ರದ್ದಾದ ಕಾರ್ಡು. ಒಂದು ಮಧ್ಯಾಹ್ನ ನಾನು ಅಂಗನವಾಡಿಯ ಅನ್ನ, ಮೊಟ್ಟೆ ತೆಗೆದುಕೊಂಡು ಅವಳ ಜಗಲಿಗೆ ಹೋದೆ. ಪ್ರೇಕ್ಷಾ ಓಡಿ ಬಂತು. ಅಕ್ಕು ಚಿಕ್ಕಿ ಅದರ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ನಾನು ಪಾತ್ರೆ ಕೆಳಗಿಟ್ಟೆ. ಅವಳು ಅದನ್ನೇ ನೋಡುತ್ತಿದ್ದಳು. ಅವಳ ಗಂಟಲು ಏರಿ ಇಳಿದದ್ದು ನನಗೆ ಕಂಡಿತು ಅಮ್ಮಾ. ಆದರೂ ಕಾಲಲ್ಲಿ ಪಾತ್ರೆಯನ್ನು ನನ್ನ ಕಡೆ ಸರಿಸಿದಳು. "ನಿನ್ ಅನ್ನ ಉಂಡ್ರೆ ನಾಳೆ ಎಂತ ಬರೀತೆ ನೀನ್?" ಎಂದಳು. ನಾನು ಎಂತ ಬರೆಯುವುದು ಚಿಕ್ಕಿ ಎಂದೆ. "ಅಜ್ಜಿ ಹತ್ರ ಉಂಬುಕೆ ಇಲ್ಲೆ, ಹೆಣ್ಣ್ ತೆಕಂಡ್ ಹೋಯ್ನಿ ಅಂದೇಳಿ" ಎಂದಳು. ಬೈದದ್ದಲ್ಲ. ಜೋರಾಗಿಯೂ ಹೇಳಲಿಲ್ಲ. ಅವಳ ದನಿಯಲ್ಲಿ ನನ್ನ ಮೇಲೆ ಸಿಟ್ಟೂ ಇರಲಿಲ್ಲ, ಹೆದರಿಕೆ ಮಾತ್ರ ಇತ್ತು. ಅವಳು ನನಗೆ ಹೆದರುತ್ತಿದ್ದಳು.

ಆಮೇಲೆ ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ಅವಳ ಮುಂಬಾಗಿಲಿಗೆ ಬೀಗ ಬಿದ್ದಿತ್ತು. ಸೊಸೆಯ ತವರು ಯಡ್ತರೆಯಲ್ಲವಾ, ಅಲ್ಲಿಗೆ ಮಗುವನ್ನು ಕರೆದುಕೊಂಡು ಹೋಗಿರಬೇಕು, ಅಲ್ಲಾದರೆ ಎರಡು ಹೊತ್ತು ಗಂಜಿ ಸಿಕ್ಕುತ್ತದೆ ಎಂದು ಕೇರಿಯವರು ಮಾತಾಡಿಕೊಂಡರು. ನನಗೂ ಹಾಗೆಯೇ ಅನಿಸಿ ಮನಸ್ಸು ಹಗುರವಾಯಿತು. ಒಂದು ಮಧ್ಯಾಹ್ನ ನಮ್ಮ ಬಾವಿಯಿಂದ ನೀರು ಸೇದುವಾಗ ಪಕ್ಕದ ಆ ಮನೆಯಿಂದ ಕೆಮ್ಮು ಕೇಳಿತು. ಸಣ್ಣ ಮಗುವಿನ ಕೆಮ್ಮು, ಒಂದೇ ಸಲ, ನಡುವಿನಲ್ಲೇ ಯಾರೋ ಬಾಯಿ ಮುಚ್ಚಿದ ಹಾಗೆ ನಿಂತಿತು. ನಾನು ಹಗ್ಗ ಹಿಡಿದು ಹಾಗೆಯೇ ನಿಂತೆ. ಕಡಲಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಬೀಗ ಹಾಕಿದ್ದು ಹಾಗೆಯೇ ಇತ್ತು.

ಮರುದಿನವೂ ಕೇಳಿತು. ಹಿತ್ತಲ ಬದಿಗೆ ಹೋಗಿ ಕರೆದೆ. ಹಿಂಬಾಗಿಲು ತಳ್ಳಿದೆ, ಒಳಗಿಂದ ಅಗುಳಿ ಹಾಕಿದ ಹಾಗಿತ್ತು. ಮೆಟ್ಟಿಲ ಮೇಲೆ ಅನ್ನದ ಪಾತ್ರೆ ಇಟ್ಟು ಬಂದೆ. ಸಂಜೆಗೆ ನೋಡಿದರೆ ನಾಯಿ ಅದನ್ನು ಅಂಗಳಕ್ಕೆ ಎಳೆದು ಹಾಕಿತ್ತು. ಕೇರಿಯ ಹೆಂಗಸರಿಗೆ ಹೇಳಿದೆ, ಒಳಗೆ ಜನ ಇದ್ದಾರೆ, ಯಾರಾದರೂ ನನ್ನ ಜೊತೆ ಬನ್ನಿ ಎಂದು. ಖಾಲಿ ಮನೆಗೆ ನುಗ್ಗಿ ಎಂತ ನೋಡಲಿಕ್ಕಿದೆ ನಿನಗೆ, ಅದನ್ನೂ ಬರೆಯಲಿಕ್ಕಾ ಎಂದು ಒಬ್ಬಳು ಕೇಳಿದಳು. ಇನ್ನೊಬ್ಬಳು ಕದ ಹಾಕಿಕೊಂಡಳು. ಪಂಚಾಯತಿಗೆ ಫೋನ್ ಮಾಡಿದೆ. ಬೀಗ ಹಾಕಿದ ಮನೆಯನ್ನು ನಾವು ಹೇಗೆ ಒಡೆಯುವುದು, ಮನೆಯವರು ದೂರು ಕೊಟ್ಟರೆ ಬರುತ್ತೇವೆ ಎಂದರು. ಯಡ್ತರೆಯಲ್ಲಿ ಯಾರ ನಂಬರೂ ನನ್ನಲ್ಲಿ ಇರಲಿಲ್ಲ. ಕೊನೆಗೆ ನಿನ್ನ ಅಳಿಯನೇ ರಜೆ ಹಾಕಿ ಬಸ್ಸಿನಲ್ಲಿ ಅಲ್ಲಿಗೆ ಹೋದರು. ಅಕ್ಕು ಅತ್ತೆ ಇಲ್ಲಿಗೆ ಬರಲೇ ಇಲ್ಲವಲ್ಲ ಎಂದು ಆ ಮನೆಯವರು ಹೇಳಿದ್ದನ್ನು ಅವರು ಬಸ್‌ಸ್ಟ್ಯಾಂಡಿನಿಂದಲೇ ಫೋನ್ ಮಾಡಿ ತಿಳಿಸಿದರು. ಅವರು ತಿರುಗಿ ಬರುವವರೆಗೆ ಕಾಯಲು ನನ್ನಿಂದ ಆಗಲಿಲ್ಲ. ಆ ದಿನ ಕೆಮ್ಮೂ ಕೇಳಿರಲಿಲ್ಲ. ಒಬ್ಬಳೇ ಹಿತ್ತಲಿಗೆ ಹೋಗಿ, ತೆಂಗಿನಕಾಯಿ ಸುಲಿಯುವ ಸಬ್ಬಲಿನಲ್ಲಿ ಹಿಂಬಾಗಿಲು ಮೀಟಿದೆ. ಹಳೆಯ ಮರ, ಅಗುಳಿ ಕಿತ್ತು ಬಂತು.

ಒಳಗೆ ಕತ್ತಲು. ಮುಂದೆ ಬೀಗ ಹಾಕಿ ಹಿಂಬಾಗಿಲಿನಿಂದ ಒಳಗೆ ಸೇರಿ, ಕಿಟಕಿಗಳಿಗೆಲ್ಲ ಗೋಣಿ ಕಟ್ಟಿದ್ದಳು. ಅಕ್ಕು ಚಿಕ್ಕಿ ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಮೈ ಕೆಂಡದ ಹಾಗೆ ಸುಡುತ್ತಿತ್ತು. ಪ್ರೇಕ್ಷಾ ಅವಳ ಬೆನ್ನಿಗೆ ಅಂಟಿ ಕೂತು ನನ್ನನ್ನೇ ನೋಡುತ್ತಿತ್ತು, ಎರಡೂ ಕೈಯಲ್ಲಿ ತನ್ನ ಬಾಯನ್ನು ತಾನೇ ಮುಚ್ಚಿಕೊಂಡು. ನಾನು ಎಷ್ಟು ಹೇಳಿದರೂ ಕೈ ತೆಗೆಯಲಿಲ್ಲ. ಒಲೆಯ ಪಕ್ಕದಲ್ಲಿ ಡಬ್ಬಿ ಇತ್ತು. ಯಾಕೆ ತೆರೆದೆನೋ ಗೊತ್ತಿಲ್ಲ, ತೆರೆದೆ. ಅದರಲ್ಲಿ ಅಕ್ಕಿ ಇತ್ತು ಅಮ್ಮಾ. ಅರ್ಧದಷ್ಟು ಇತ್ತು. ಮಗುವಿಗೆ ದಿನಕ್ಕೆ ಒಂದು ಹಿಡಿ ಬೇಯಿಸಿ, ತಾನು ಗಂಜಿಯ ತಿಳಿ ಮಾತ್ರ ಕುಡಿದು, ಉಳಿದದ್ದನ್ನು ಎತ್ತಿಟ್ಟಿದ್ದಳು. ಇನ್ನು ಎಲ್ಲಿಂದಲೂ ಯಾರಿಂದಲೂ ಬರುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ಗೋಡೆಯಾಚೆ ನಾನಿದ್ದೆ. ನನ್ನ ಅಂಗನವಾಡಿಯಲ್ಲಿ ಬೆಂದ ಅನ್ನ ತಣ್ಣಗಾಗುತ್ತಿತ್ತು. ಆ ಡಬ್ಬಿ ಖಾಲಿ ಇದ್ದಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ನಾನು ಎತ್ತಿ ಕೂರಿಸಲು ಹೋದಾಗ ಅವಳು ಕಣ್ಣು ತೆರೆದಳು. ಗುರುತು ಹಿಡಿದಳು. ನನ್ನ ಮಣಿಕಟ್ಟು ಹಿಡಿದು, "ಬರಿಬ್ಯಾಡ ಹೆಣ್ಣೆ" ಎಂದಳು. ಇಲ್ಲ ಚಿಕ್ಕಿ, ಬರೆಯುವುದಿಲ್ಲ ಎಂದೆ. ಆಂಬುಲೆನ್ಸ್ ಬಂದು ಕುಂದಾಪುರಕ್ಕೆ ಮುಟ್ಟುವವರೆಗೂ ಆ ಹಿಡಿತ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಯಾರೂ ಕಾರ್ಡ್ ಕೇಳಲಿಲ್ಲ. ಹೆಸರು ಕೇಳಿದರು, ವಯಸ್ಸು ಕೇಳಿದರು, ಓಡಾಡಿ ಸಲೈನ್ ಹಾಕಿದರು. ಒಬ್ಬಳು ನರ್ಸ್ ಪ್ರೇಕ್ಷಾಳನ್ನು ಎತ್ತಿಕೊಂಡು ಮಕ್ಕಳ ವಾರ್ಡಿಗೆ ಹೋಗಿ ಸಣ್ಣ ಚಮಚದಲ್ಲಿ ಗಂಜಿ ಕುಡಿಸಿದಳು. ಇಷ್ಟು ಸುಲಭವಾಗಿತ್ತು. ಇದೇ ಜ್ವರ ಬೇರೆಯವರಿಗೆ ಬಂದರೆ ಎದ್ದು ಓಡಾಡುತ್ತಾರೆ, ಇವರ ಮೈಯಲ್ಲಿ ತಡೆಯುವ ಶಕ್ತಿಯೇ ಉಳಿದಿರಲಿಲ್ಲ ಎಂದು ಡಾಕ್ಟ್ರು ಹೇಳಿದರು. ಮಾರನೆ ದಿನ ಬೆಳಗಿನ ಚಾ ಬರುವ ಹೊತ್ತಿಗೆ ಚಿಕ್ಕಿ ಹೋದಳು. ನಾನು ಪಕ್ಕದಲ್ಲೇ ಇದ್ದೆ. ನೀನು ಇದ್ದಿದ್ದರೆ ಎಂದು ಎಷ್ಟು ಸಲ ಅಂದುಕೊಂಡೆನೋ. ನಿನ್ನ ಕೈಯಿಂದಲಾದರೆ ಅವಳು ಉಣ್ಣುತ್ತಿದ್ದಳು.

ಯತೀಶನನ್ನು ಊರಿನವರೊಬ್ಬರು ಹುಡುಕಿ ಕಳಿಸಿದರು. ಪುಣೆಯಲ್ಲಿ ಯಾವುದೋ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದನಂತೆ, ಮನೆಗೆ ಕಳಿಸಲು ಏನೂ ಇಲ್ಲದೆ ಯಾವ ಮುಖದಲ್ಲಿ ಫೋನ್ ಮಾಡುವುದು ಎಂದು ಮಾಡಿರಲಿಲ್ಲವಂತೆ. ಅವನು ಬಂದು ಕೊಳ್ಳಿ ಇಟ್ಟ. ಪ್ರೇಕ್ಷಾ ಆಗ ಆಸ್ಪತ್ರೆಯಲ್ಲೇ ಇತ್ತು, ಮಗುವಿಗೆ ಏನೂ ತೋರಿಸಲಿಲ್ಲ.

ಚಿಕ್ಕಿಯ ಉತ್ತರಕ್ರಿಯೆ, ಬೊಜ್ಜದ ದಿನದ ಸಂಗತಿ ಹೇಳಬೇಕು ನಿನಗೆ. ಊಟ ಹಾಕಲು ಯತೀಶನ ಹತ್ತಿರ ಏನಿದೆ? ಯಾರೂ ಬರಲಿಕ್ಕಿಲ್ಲ ಎಂದುಕೊಂಡೆವು. ಬೆಳಿಗ್ಗೆ ಒಬ್ಬೊಬ್ಬರಾಗಿ ಬಂದರು, ಪ್ರತಿಯೊಬ್ಬರ ಕಂಕುಳಲ್ಲೂ ಒಂದು ಚೀಲ. ಅಂಗಳದಲ್ಲಿ ಹಂಡೆಯ ಸುತ್ತ ನಿಂತರು, ಚೀಲ ಬಿಚ್ಚಲು ಯಾರೂ ಮುಂದಾಗಲಿಲ್ಲ. ಕಡೆಗೆ ಒಬ್ಬಳು ಬಿಚ್ಚಿದಳು, ಆಮೇಲೆ ಎಲ್ಲರೂ. ಕುಚ್ಚಲಕ್ಕಿ, ಸೊಸೈಟಿಯ ಬೆಳ್ತಿಗೆ ಅಕ್ಕಿ, ಮುಗ್ಗಲು ಹಿಡಿದ ಅಕ್ಕಿ, ನುಚ್ಚು. ಎಲ್ಲರ ಮನೆಯಲ್ಲೂ ಸ್ವಲ್ಪ ಸ್ವಲ್ಪ ಇತ್ತು. ಯಾರ ಮನೆಯಲ್ಲೂ ಸಾಕಷ್ಟು ಇರಲಿಲ್ಲ. ಅದು ಹಾಸಿದ ಬಟ್ಟೆಯ ಮೇಲೆ ಬಿದ್ದು ಕಾಣುವಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕುಸುಮಾವತಿ ಅಕ್ಕ ತಂದದ್ದನ್ನು ಮಾತ್ರ ಒಬ್ಬರೂ ಮುಟ್ಟಲಿಲ್ಲ. ಯತೀಶನೇ ಎದ್ದು, "ಕೊಡಿ ಅಕ್ಕಾ" ಎಂದು ಕೈಯೊಡ್ಡಿ ತೆಗೆದುಕೊಂಡು ಹಾಕಿದ. ಕುಸುಮಾವತಿ ಅಕ್ಕ ಸೆರಗಿನಲ್ಲಿ ಕಣ್ಣು ಒತ್ತಿಕೊಂಡರು. ಎಲ್ಲ ಒಂದೇ ಹಂಡೆಯಲ್ಲಿ ಬೆಂದಿತು. ಕೆಲವು ಅಗುಳು ಮುದ್ದೆ, ಕೆಲವು ಕಲ್ಲು. ಸಾಲಾಗಿ ಕೂತು ಉಂಡರು, ಬಾಳೆ ಎಲೆಯಲ್ಲಿ ಒಂದು ಅಗುಳೂ ಬಿಡಲಿಲ್ಲ.

ಇನ್ನು ಎಲ್ಲ ಮೊದಲಿನ ಹಾಗೆ ಆಗುತ್ತದೆ ಎಂದು ನಾನು ಮರುದಿನ ಅಂಗನವಾಡಿಯ ಬಾಗಿಲು ತೆರೆದು, ಹೆಚ್ಚೇ ಅಕ್ಕಿ ಹಾಕಿ ಕಾದೆ. ಯಾರೂ ಬರಲಿಲ್ಲ. ಆಮೇಲೆ ಪೋರ್ಟಲ್ ತೆರೆಯಿತು, ಕೆಲವರ ಕಾರ್ಡ್ ವಾಪಸು ಬಂತು, ನಮ್ಮದೂ ಬಂತು. ಹೋದದ್ದು ಯಾಕೆ ಎಂದು ಯಾರೂ ಹೇಳದ ಹಾಗೆಯೇ ಬಂದದ್ದು ಯಾಕೆ ಎಂದೂ ಹೇಳಲಿಲ್ಲ. ಅದಕ್ಕೇ ಇರಬೇಕು, ಬಂದ ಅಕ್ಕಿಯನ್ನೂ ಜನ ಕದ್ದ ಮಾಲಿನ ಹಾಗೆ ಮುಚ್ಚಿಕೊಂಡೇ ಒಯ್ಯುತ್ತಾರೆ. ಹೊಟ್ಟೆಗೆ ಸಿಕ್ಕಿದರೂ ಕಿಟಕಿ ತೆರೆಯಲಿಲ್ಲ. ಹೋದ ವಾರದಿಂದ ಎರಡು ಮಕ್ಕಳು ಅಂಗನವಾಡಿಗೆ ಬರುತ್ತಿದ್ದಾವೆ. ತಾಯಂದಿರು ಹೊರಗೆ ನಿಂತು, ಉಂಡು ಮುಗಿಯುವವರೆಗೂ ನನ್ನ ಕೈಯನ್ನೇ ನೋಡುತ್ತಿರುತ್ತಾರೆ, ಪೆನ್ನು ಹಿಡಿಯುತ್ತೇನಾ, ಮೊಬೈಲ್ ತೆಗೆಯುತ್ತೇನಾ ಎಂದು. ಕೈ ಎಲ್ಲಿ ಇಟ್ಟುಕೊಳ್ಳುವುದು ಎಂದು ಗೊತ್ತಾಗದೆ ಸೆರಗಿನೊಳಗೆ ಇಟ್ಟು ಕೂರುತ್ತೇನೆ. ಕೆಲಸ ಬಿಡು ಎಂದು ನಿನ್ನ ಅಳಿಯ ಹೇಳುತ್ತಾರೆ. ಬಿಟ್ಟರೆ ಆ ಎರಡು ಮಕ್ಕಳಿಗೆ ಯಾರು?

ಪ್ರೇಕ್ಷಾ ನಮ್ಮ ಮನೆಯಲ್ಲೇ ಇದೆ. ಯತೀಶ್ ಪುನಃ ಪುಣೆಗೆ ಹೋದ, ಒಂದು ನೆಲೆ ಆದ ಮೇಲೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿಯವರೆಗೆ ನೀನೇ ನೋಡಿಕೊ ಎಂದ. ಮಗು ಚೆನ್ನಾಗಿ ಉಣ್ಣುತ್ತದೆ, ಮೈ ತುಂಬಿಕೊಳ್ಳುತ್ತಾ ಇದೆ, ಕೆಮ್ಮೂ ಪೂರ್ತಿ ಹೋಯಿತು. ಆದರೆ ಮಧ್ಯಾಹ್ನ ಬಾವಿಕಟ್ಟೆಗೆ ಹೋದರೆ ನನಗೆ ಆ ಮನೆಯಿಂದ ಈಗಲೂ ಕೇಳುತ್ತದೆ. ಮಗು ನನ್ನ ಪಕ್ಕದಲ್ಲೇ ಕೂತು ಆಡುತ್ತಿರುತ್ತದೆ, ಆದರೂ ಕೇಳುತ್ತದೆ. ಅರ್ಧಕ್ಕೆ ನಿಂತ ಕೆಮ್ಮು. ಉಳಿದ ಅರ್ಧಕ್ಕೆ ನಾನು ಕಾಯುತ್ತಾ ನಿಲ್ಲುತ್ತೇನೆ, ಕೈಯ ಕೊಡಪಾನ ವಾಲಿ ನೀರು ಚೆಲ್ಲಿ ಕಾಲು ಒದ್ದೆಯಾದ ಮೇಲೆ ಎಚ್ಚರವಾಗುತ್ತದೆ. ಇದನ್ನು ಇವರಿಗೂ ಹೇಳಿಲ್ಲ.

ಅಳಬೇಡ ಎಂದು ಹೇಳುವುದಿಲ್ಲ. ಅತ್ತು ಮುಗಿಸಿ ಗುಳಿಗೆ ತೆಗೆದುಕೊ. ಅಣ್ಣ ಅತ್ತಿಗೆಗೆ ನಮ್ಮ ನೆನಪು ತಿಳಿಸು. ಅಳಿಯ ನಿನ್ನ ಕಾಲಿಗೆ ನಮಸ್ಕಾರ ಹೇಳಿದ್ದಾರೆ. ನಿನ್ನ ಕೈ ನನ್ನ ತಲೆಯ ಮೇಲೆ ಇರಲಿ.

ಇಂತಿ ನಿನ್ನ ಮಗಳು
ಗಿರಿಜಾ

ಮರೆತದ್ದಲ್ಲ, ಬರೆಯಲು ಕೈ ಬಾರದೆ ಉಳಿಸಿಕೊಂಡದ್ದು. ಟಪಾಲು ಹೋಗುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಪ್ರೇಕ್ಷಾಳ ಚಾಪೆ ಕೊಡವುವಾಗ ಕೆಳಗೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಅನ್ನ ಸಿಕ್ಕಿತು, ಹಳಸಿ ಹೋಗಿತ್ತು. ಯಾರಿಗೆ ಮಗಾ ಎಂದು ಕೇಳಿದೆ. "ಅಜ್ಜಿಗೆ" ಎಂದಿತು. ಅಜ್ಜಿ ಇಲ್ಲ, ದೇವರ ಹತ್ತಿರ ಹೋದಳು ಎಂದು ನಾನು ಹೇಳಿದ್ದೇನೆ, ಯತೀಶ್ ಹೇಳಿದ್ದಾನೆ, ಕೇರಿಯವರೂ ಹೇಳಿದ್ದಾರೆ. "ನೀವೆಲ್ಲ ಹಂಗೇ ಹೇಳೂದ್" ಎಂದು ನನ್ನ ಕೈಯಿಂದ ಪೊಟ್ಟಣ ಕಿತ್ತುಕೊಂಡಿತು. ಅಜ್ಜಿ ಎಲ್ಲೋ ಬೀಗ ಹಾಕಿ ಒಳಗೆ ಕೂತಿದ್ದಾಳೆ, ನಾವು ಸುಳ್ಳು ಹೇಳಿ ಅವಳನ್ನು ಹಿಡಿಯಲು ನೋಡುತ್ತಿದ್ದೇವೆ ಎಂದು ಅದರ ಲೆಕ್ಕ. ಇಲ್ಲಿ ಯಾರ ಮಾತನ್ನೂ ಅದು ಇನ್ನು ನಂಬುವುದಿಲ್ಲ ಅಮ್ಮಾ. ನೀನು ಆಗ ಇಲ್ಲಿ ಇರಲಿಲ್ಲ, ನಿನ್ನ ಮಾತನ್ನಾದರೆ ನಂಬೀತು. ಅಣ್ಣನ ಹತ್ತಿರ ಮತ್ಸ್ಯಗಂಧ ರೈಲಿಗೆ ಟಿಕೆಟ್ ಮಾಡಿಸು. ನೀನೇ ಬಂದು, ಅದನ್ನು ಮಡಿಲಲ್ಲಿ ಕೂರಿಸಿಕೊಂಡು, ಅಕ್ಕು ಸತ್ತಳು ಎಂದು ಹೇಳಿಬಿಡು.